ಗಾಡಿಯ ನೆತ್ತಿಗೆ ಹೊಸ ಏಸಿ

ನಮ್ಮ ಮನೆಯ ಕ್ಯಾರವಾನಿನ ಏಸಿ ಕರಿಮೆಣಸು ತಿಂದು ಸತ್ತಿತು. ಹೀಗೆ ಹೇಳಿದರೆ ಗೋಣಿಕೊಪ್ಪಲಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಾರೆ, ಅದಕ್ಕೇ ಹೀಗೆ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಮನೆಯಲ್ಲೂ ನಕ್ಕರು. ಆದರೆ ಒಬ್ಬರ ಮುಖ ನೋಡಿಕೊಂಡು ನಕ್ಕರು.

ಆ ಒಬ್ಬರು ನಮ್ಮ ಭಾವ, ಅಕ್ಕನ ಗಂಡ. ಮದುವೆಯಾದ ಮೇಲೆ ನಮ್ಮ ಮನೆಗೇ ಬಂದು ಉಳಿದವರು. ಮನೆಅಳಿಯ ಎನ್ನುವ ಮಾತನ್ನು ಅಮ್ಮ ಅವರೆದುರು ಆಡಿದ್ದು ನನಗೆ ನೆನಪಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಅಳಿಯಂದಿರು ಎದ್ದರಾ, ಅಳಿಯಂದಿರಿಗೆ ಇನ್ನೊಂದು ರೊಟ್ಟಿ ಬೇಕಾ ಕೇಳು ಎಂದು ಆ ಮರ್ಯಾದೆಯಲ್ಲೇ ಅಮ್ಮ ಕೆಲಸ ಮುಗಿಸುತ್ತಿದ್ದರು.

ನಮ್ಮ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಕುಟುಂಬ ನಮ್ಮದು. ಸುಂಟಿಕೊಪ್ಪದ ದಾರಿಯಲ್ಲಿ ಸ್ವಲ್ಪ ಕಾಫಿ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಒಂದು ಟ್ರ್ಯಾಕ್ಟರ್. ಭಾವ ಮೊದಲು ಪ್ರವಾಸಿ ಮಿನಿಬಸ್ ಓಡಿಸುತ್ತಿದ್ದರು. ಆ ಬಸ್ ಮುದಿಯಾದಾಗ ಅದನ್ನೇ ಕೊಂಡು, ಸೀಟು ಕಿತ್ತು, ಎರಡು ಮಂಚ, ಒಂದು ಒಲೆ, ನಿಂತರೆ ಮೊಣಕೈ ತಾಗುವ ಒಂದು ಬಚ್ಚಲು, ಹಿಂದೆ ಪುಟ್ಟ ಜನರೇಟರ್, ನೆತ್ತಿಯ ಮೇಲೆ ಎಲ್ಲಿಂದಲೋ ತಂದ ಹಳೆಯ ಏಸಿ ಕೂರಿಸಿ ಓಡಾಡುವ ಮನೆ ಮಾಡಿದರು. ಅತಿಥಿಗಳನ್ನು ಕೂರಿಸಿಕೊಂಡು ಹಾರಂಗಿ ಹಿನ್ನೀರಿಗೆ, ಮಡಿಕೇರಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗಿ ಬರುತ್ತಿದ್ದರು. ಮನೆಯಲ್ಲಿ ಉಪ್ಪು ಬೇಕೆಂದು ಕೇಳಲೂ ಹಿಂಜರಿಯುವ ಮನುಷ್ಯ ಆ ಸೀಟಿನಲ್ಲಿ ಕೂತರೆ ಅತಿಥಿಗಳನ್ನೇ ಗದರುತ್ತಿದ್ದರು. ಬಾಗಿಲು ಮೆಲ್ಲಗೆ ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕಬೇಡಿ, ಸಿಪ್ಪೆ ಎಸೆಯಬೇಡಿ. ನಾನು ಒಮ್ಮೆ ಜೊತೆಗೆ ಹೋದಾಗ ನನ್ನನ್ನೂ ಗದರಿದರು. ನನಗೆ ಸಂತೋಷವಾಯಿತು ಎಂದು ಬರೆಯಲು ಹೊರಟೆ, ನಿಜಕ್ಕೂ ಆಯಿತೋ ಈಗ ಹಾಗೆ ಅನ್ನಿಸುತ್ತಿದೆಯೋ ಹೇಳಲಾರೆ.

ಕಾಫಿ ಕೊಯ್ಲು ತಡವಾದ ವರ್ಷ ಅದು. ಕಣದ ತುಂಬ ಕಾಫಿ, ತಾರಸಿಯ ತುಂಬ ಕಾಫಿ. ಅಷ್ಟರಲ್ಲಿ ಮೆಣಸೂ ಬಲಿತು ಕೂತಿತು. ನಮ್ಮ ಕಡೆ ಆ ದಿನಗಳಲ್ಲಿ ಬಿಸಿಲಿಗೆ ಬಿದ್ದಿರುವ ಚಪ್ಪಟೆ ಜಾಗ ಖಾಲಿ ಕಂಡರೆ ಯಾರಿಗೂ ಸಮಾಧಾನವಿಲ್ಲ. ನಿಂತಿದ್ದ ಗಾಡಿಯ ನೆತ್ತಿ ಎಂದರೆ ಕಾದ ತಗಡು. ಭಾವ ಏಣಿ ಹಾಕಿ, ಟಾರ್ಪಲ್ ಹಾಸಿ, ನಡುವೆ ಎದ್ದುಕೊಂಡಿದ್ದ ಏಸಿ ಡಬ್ಬದ ಸುತ್ತ ಮೆಣಸು ಹರಡಿದರು. ಚೆನ್ನಾಗಿಯೇ ಒಣಗಿತು. ಆದರೆ ಅತಿಥಿಗಳು ಹೇಳಿದ್ದಕ್ಕಿಂತ ಮೊದಲೇ ಬಂದರು, ಸೆಕೆ ಎಂದು ನೇರ ಒಳಗೆ ಹೋಗಿ ಏಸಿ ಹಾಕಿಕೊಂಡರು. ಮೇಲಿನ ಫ್ಯಾನು ಗಾಳಿಯ ಜೊತೆ ಮೆಣಸಿನ ಸಿಪ್ಪೆ, ಕಡ್ಡಿ, ಧೂಳು ಎಲ್ಲವನ್ನೂ ಒಳಗೆಳೆದುಕೊಂಡಿತು. ಡಬ್ಬದ ಉಸಿರು ಕಟ್ಟಿತು. ಹಳೆಯ ರಬ್ಬರ್ ಸಂದಿನಿಂದ ಸ್ವಲ್ಪ ಧೂಳು ಕೆಳಗೂ ಇಳಿದಿರಬೇಕು, ಅತಿಥಿಗಳು ಒಬ್ಬರಾದ ಮೇಲೊಬ್ಬರು ಸೀನುತ್ತಾ ಹೊರಗೆ ಬಂದರು. ಸಂಜೆಗೆ ಸುಟ್ಟ ವಾಸನೆ. ಕಂಪ್ರೆಸರ್ ಹೋಗಿತ್ತು, ಆ ಮಾದರಿಯ ಭಾಗಗಳು ಎಲ್ಲೂ ಸಿಗುತ್ತಿರಲಿಲ್ಲ. ಡಬ್ಬವನ್ನು ಕಿತ್ತ ಜಾಗದಲ್ಲಿ ಚೌಕ ತೂತು ಉಳಿಯಿತು. ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೊಂದು ಕಲ್ಲು.

“ಗಾಡಿಗೂ ನೆತ್ತಿ ತೂತು,” ಎಂದರು ಅಮ್ಮ. “ಓಡಿಸೋರಿಗೆ ಹೊಂದಿಕೆ ಆಯ್ತು.”

ಹೊಸ ಏಸಿ ಆರಿಸುವ ಕೆಲಸ ನನಗೆ ಬಂತು. ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ತತ್ವಶಾಸ್ತ್ರ. ಮನೆಯವರ ಲೆಕ್ಕದಲ್ಲಿ ಓದಿದವನೆಂದರೆ ಏನು ಬೇಕಾದರೂ ಓದಬಲ್ಲವನು. ಓದಿದೆ. ತಯಾರಕರ ಮಾತನ್ನು ನಂಬದೆ ಬಳಸಿದವರ ಮಾತು ಓದಿದೆ, ಅವರನ್ನೂ ನಂಬದೆ ನಾನೇ ಏಣಿ ಹತ್ತಿ ತೂತು ಅಳೆದೆ, ನನ್ನ ಅಳತೆಯನ್ನೂ ನಂಬದೆ ಮತ್ತೆ ಹತ್ತಿದೆ. ಕೊನೆಗೆ ಉಳಿದದ್ದು ಎರಡು. ಒಂದು ಸಣ್ಣದು, ಹಗುರ, ಮೆತ್ತಗೆ ಸ್ಟಾರ್ಟ್ ಆಗುವಂಥದ್ದು. ನಮ್ಮ ಪುಟ್ಟ ಜನರೇಟರ್ ಅದನ್ನು ಎಳೆಯುತ್ತಿತ್ತು, ಗಾಡಿ ಎಲ್ಲಿಗೆ ಹೋದರೂ ಏಸಿ ನಡೆಯುತ್ತಿತ್ತು. ಇನ್ನೊಂದು ದೊಡ್ಡದು, ಬೇಸಿಗೆಗೆ ತಂಪು, ಮಳೆಗಾಲಕ್ಕೆ ಬಿಸಿಗಾಳಿ ಎರಡನ್ನೂ ಕೊಡುವುದು. ಅದಕ್ಕೆ ಮನೆಯ ಕರೆಂಟೇ ಬೇಕು. ತೂಕವೂ ಹೆಚ್ಚು, ನಮ್ಮ ರಸ್ತೆಯ ಹೊಂಡಗಳಲ್ಲಿ ಅದನ್ನು ಹೊತ್ತುಕೊಂಡು ಓಡಿದರೆ ಹಳೆಯ ನೆತ್ತಿ ಸೀಳುತ್ತಿತ್ತು. ದೊಡ್ಡದು ಬಂದರೆ ಅದರ ಭಾರಕ್ಕೆ ನೆಲದಿಂದ ಕಂಬಗಳ ಆಧಾರ ಕೊಟ್ಟು, ಗಾಡಿ ಅಂಗಳದಲ್ಲೇ ನಿಲ್ಲಬೇಕು. ಅಂದರೆ ಭಾವನೂ.

ಭಾನುವಾರ ಬೆಳಗಿನ ರೊಟ್ಟಿಯ ಹೊತ್ತಿಗೆ ಎರಡನ್ನೂ ವಿವರಿಸಿದೆ. ಸಣ್ಣದೇ ಸರಿ ಎಂದೆ. ಭಾವ ತಟ್ಟೆ ನೋಡುತ್ತಾ ತಲೆಯಾಡಿಸಿದರು, ಜನರೇಟರಿನ ಸೈಲೆನ್ಸರ್ ಬದಲಾಯಿಸಿದರೆ ಸದ್ದೂ ಕಡಿಮೆ ಎಂದು ಏನೋ ಹೇಳತೊಡಗಿದರು.

“ಗಾಡಿ ಮೇಲೆ ಕಣ ಮಾಡ್ದೋರು ಈಗ ಏಸಿ ಆರಿಸ್ತಾರಂತೆ,” ಎಂದರು ಅಮ್ಮ ನನ್ನ ಕಡೆಗೇ ನೋಡುತ್ತಾ.

ಮಾತು ಅಲ್ಲಿಗೆ ನಿಂತಿತು. ನಂತರ ಅಮ್ಮ ಸಮಾಧಾನವಾಗಿಯೇ ವಿವರಿಸಿದರು. ಮಳೆಗಾಲದಲ್ಲಿ ಅತಿಥಿಗಳ ಬಟ್ಟೆ ಒಣಗುವುದಿಲ್ಲ, ಹಾಸಿಗೆ ಬೂಸಲು ಹಿಡಿಯುತ್ತದೆ, ಬಿಸಿಗಾಳಿ ಬೇಕು. ನಿಂತ ಗಾಡಿಗೆ ಡೀಸೆಲ್ ಇಲ್ಲ, ಟೈರ್ ಸವೆಯುವುದಿಲ್ಲ, ಪೊಲೀಸರು ಕೈ ಅಡ್ಡ ಹಾಕುವುದಿಲ್ಲ. ಕೊಡಗಿಗೆ ಬರುವವರು ನಿಂತಲ್ಲೇ ಮಂಜು ನೋಡುತ್ತಾರೆ. ಯಾವ ಮಾತೂ ಸುಳ್ಳಲ್ಲ. ಹಾಗಾದರೆ ನನಗೆ ಕೆಲಸ... ಎಂದು ಭಾವ ಅರ್ಧ ಕೇಳಿದರು. ಅಮ್ಮ ಉತ್ತರಿಸುವ ಮೊದಲೇ ಅಕ್ಕ ರೊಟ್ಟಿ ತಿರುವುತ್ತಾ ನಕ್ಕಳು.

“ಸ್ಟೇರಿಂಗ್ ಇಲ್ದಿದ್ರೆ ಕೈ ಎಲ್ಲಿಟ್ಕೋಬೇಕು ಅಂತ ಇವ್ರಿಗೆ ಗೊತ್ತಾಗಲ್ಲ ಅಮ್ಮ. ಪೊರಕೆ ಕೊಡು, ಹಿಡ್ಕೊಳ್ಳಲಿ.”

ಆಗ ನನಗೊಂದು ಚಿತ್ರ ನೆನಪಾಯಿತು. ಅಮ್ಮ ಅಂಗಳದಲ್ಲಿ ಹಣೆಗೆ ಕೈ ಅಡ್ಡ ಹಿಡಿದು ಗಾಡಿಯ ನೆತ್ತಿ ತೋರಿಸುತ್ತಿದ್ದಾರೆ, ಅಲ್ಲಿ ಹಾಕಿ, ಎರಡು ಬಿಸಿಲಿಗೆ ಒಣಗುತ್ತೆ ಎನ್ನುತ್ತಿದ್ದಾರೆ. ಭಾವ ಏಣಿ ಹೊತ್ತು ಬರುತ್ತಿದ್ದಾರೆ. ನಾನು ಜಗಲಿಯಲ್ಲಿದ್ದೇನೆ. ಅದನ್ನು ಹೇಳಿಬಿಟ್ಟೆ.

ಅಮ್ಮ ಸಿಟ್ಟಾಗಲಿಲ್ಲ. ಮೆಣಸು ಕೊಯ್ದ ವಾರ ಅಮ್ಮ ಹಾಸನಕ್ಕೆ ಸೋದರಮಾವನ ತಿಥಿಗೆ ಹೋಗಿದ್ದರು ಎಂದಳು ಅಕ್ಕ. ತಿಥಿ ಅದಕ್ಕೂ ಮೊದಲು ಎಂದೆ ನಾನು. ಹಾಗೆನ್ನುವಾಗಲೇ ನನ್ನ ಚಿತ್ರದಲ್ಲಿ ಅಮ್ಮ ಹೊದ್ದಿದ್ದ ಕಂದು ಶಾಲು ಕಣ್ಣಿಗೆ ಬಂತು. ಆ ಶಾಲು ತಂದುಕೊಟ್ಟವನು ನಾನೇ, ಏಸಿ ಕೆಟ್ಟ ಮೇಲೆ. ಸುಡು ಬಿಸಿಲಿನಲ್ಲಿ ಶಾಲು ಹೊದ್ದು ಯಾರು ಮೆಣಸು ಒಣಹಾಕಿಸುತ್ತಾರೆ. ಚಿತ್ರದ ಒಂದು ಭಾಗ ಸುಳ್ಳಾದರೆ ಉಳಿದದ್ದು ಎಷ್ಟು ನಿಜ ಎಂದು ತರಗತಿಯಲ್ಲಿ ಕೇಳುವವನು ನಾನು.

“ನೀವೇ ಹೇಳಿ ಭಾವ,” ಎಂದೆ. “ಮೇಲೆ ಹಾಕಿ ಅಂದದ್ದು ಯಾರು?”

ಅಮ್ಮ ಲೋಟ ಕೆಳಗಿಟ್ಟರು. ಅಕ್ಕ ಒಲೆ ಸಣ್ಣಗೆ ಮಾಡಿದಳು. ಭಾವ ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು, ಗಾಡಿಯಲ್ಲಿ ಗದರುವಾಗಿನ ಮುಖದಲ್ಲಿ.

“ನನಗ್ಯಾರು ಹೇಳ್ಬೇಕು? ನನ್ನ ಗಾಡಿ. ನಾನೇ ಹಾಕ್ದೆ.”

ಅದು ನಿಜವಿರಬಹುದು. ಅತ್ತೆ ಹೇಳಿದ್ದಕ್ಕೆ ಹತ್ತಿದೆ ಎನ್ನುವುದಕ್ಕಿಂತ ದಡ್ಡನಾಗುವುದೇ ಮೇಲು ಎಂದು ಆ ಕ್ಷಣ ಲೆಕ್ಕ ಹಾಕಿರಲೂಬಹುದು. ಏನಾದರೂ ಆಗಲಿ, ಅಮ್ಮನಿಗೆ ಬೇಕಾದದ್ದು ಸಿಕ್ಕಿತು. “ನೋಡು,” ಎಂದರು ನನಗೆ. “ಅಳಿಯಂದಿರು ಒಪ್ಕೊಂಡ್ರು. ನೀನು ಓದಿದ್ದನ್ನ ಹೇಳು, ನೋಡ್ದೆ ಅನ್ಬೇಡ.” ದೊಡ್ಡದನ್ನು ತರಿಸಲು ನಾನೇ ಫೋನ್ ಮಾಡಿದೆ.

ಅದು ಬಂದು ಕೂತಿತು. ಅದರ ಭಾರ ಹೊರಲು ಗಾಡಿಯ ಸುತ್ತ ಕಬ್ಬಿಣದ ಕಂಬ ನೆಟ್ಟು, ಮೇಲೆ ತಗಡಿನ ಮಾಡು ಹೊದಿಸಿದರು. ಚಕ್ರ ಬಿಚ್ಚಿ ಕಲ್ಲಿನ ಮೇಲೆ ಕೂರಿಸುವುದು ಮನೆಯಲ್ಲಿ ಭಾವ ಒಬ್ಬರಿಗೇ ಗೊತ್ತಿದ್ದ ಕೆಲಸ, ಆದ್ದರಿಂದ ಅವರೇ ಜಾಕ್ ಹಾಕಿದರು. ಅಮ್ಮ ಕುರ್ಚಿ ತರಿಸಿಕೊಂಡು ಎದುರು ಕೂತು, ಎಡಗಡೆ ತಗ್ಗು, ಬಲಗಡೆ ಎತ್ತರ ಎಂದು ಹೇಳುತ್ತಿದ್ದರು. ಕೆಲಸ ಮುಗಿದಾಗ ಭಾವ ಕೈ ಒರೆಸಿಕೊಳ್ಳುತ್ತಾ, ವಾರಕ್ಕೊಮ್ಮೆಯಾದರೂ ಇಂಜಿನ್ ಸ್ಟಾರ್ಟ್ ಮಾಡಿ ಇಡುತ್ತೇನೆ, ಇಲ್ಲದಿದ್ದರೆ ಬ್ಯಾಟರಿ ಕೂತುಬಿಡುತ್ತದೆ ಎಂದರು. ಅಷ್ಟನ್ನೇ ಅವರು ಕೇಳಿದ್ದು.

“ಎಲ್ಲಿಗೂ ಹೋಗದ ಗಾಡಿಗೆ ಯಾಕೆ ಡೀಸೆಲ್?” ಎಂದರು ಅಮ್ಮ. “ಬ್ಯಾಟರಿ ತೆಗೆದು ಟ್ರ್ಯಾಕ್ಟರಿಗೆ ಹಾಕಿ. ಅದರದ್ದು ಹಳೇದಾಗಿದೆ.”

ಭಾವ ಸ್ಪ್ಯಾನರ್ ತಂದರು. ತಂತಿ ಬಿಚ್ಚಿದರು, ಬ್ಯಾಟರಿ ಎತ್ತಿದರು, ಒಣಗಲು ಬಿದ್ದಿದ್ದ ಕಾಫಿಯನ್ನು ತುಳಿಯದಂತೆ ಕಣದ ಅಂಚಿನಲ್ಲೇ ವಾಲಿಕೊಂಡು ನಡೆಯುತ್ತಾ ಟ್ರ್ಯಾಕ್ಟರ್ ಕೊಟ್ಟಿಗೆಯ ಕಡೆ ಹೋದರು. ಬ್ಯಾಟರಿಯ ಇನ್ನೊಂದು ಬದಿಯ ಹಿಡಿಯನ್ನು ನಾನು ಹಿಡಿದುಕೊಂಡಿದ್ದೆ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಬೆರಳಿಗೆ ಗ್ರೀಸ್ ಅಂಟಿದ್ದೂ ನೆನಪಿದೆ. ಕಳೆದ ತಿಂಗಳು ಟ್ರ್ಯಾಕ್ಟರಿನ ಮುಚ್ಚಳ ತೆಗೆದು ನೋಡಿದೆ. ಆ ಬ್ಯಾಟರಿಗೆ ಇರುವುದು ಒಂದೇ ಹಿಡಿ, ನಡುವೆ, ಒಬ್ಬನ ಕೈ ಹಿಡಿಯುವಷ್ಟು.