ಬೆನ್ನ ಮ್ಯಾಲಿನ ಚಂದ್ರಶೇಖರ

ಕೇಳ್ರಿ ಗೆಳೆಯರೇ, ಇವತ್ತು ಜೇವರ್ಗಿಯ ನನ್ನ ಎಂಬ್ರಾಯ್ಡರಿ ಅಂಗಡ್ಯಾಗ ಬೀಗರ ಜಗಳ ಸ್ವಲ್ಪದರಾಗ ತಪ್ಪಿತು. ಮದುಮಗಳು ಉಮಾ ತನ್ನ ತಾಯಿ, ಅತ್ತಿ ಇಬ್ಬರನ್ನೂ ಕರಕೊಂಡು ಬಂದಿದ್ಳು; ಆಕಿ ಮದುವಿ ಬ್ಲೌಸಿನ ಬೆನ್ನಿಗೆ ಮದುಮಕ್ಕಳ ಹೆಸರು ಬೇಕಿತ್ತು. ಒಂದೊಂದು ಅಕ್ಷರಕ್ಕೂ ಹೊಲಿಗಿ ಕೂಡಿಸಿ ಕಂಪ್ಯೂಟರ್‌ನ್ಯಾಗ ತೋರಿಸಿದೆ. ಮ್ಯಾಲ ಉಮಾ, ಕೆಳಗ ಅಷ್ಟೇ ಅಗಲದಾಗ ಚಂದ್ರಶೇಖರ.

"ನನ್ನ ಮಗನ ಹೆಸರು ಯಾಕ್ರಿ ಇಷ್ಟು ಸಣ್ಣದು?" ಅಂದ್ರು ಅಂದೋಲಾದಿಂದ ಬಂದಿದ್ದ ವರನ ತಾಯಿ.

"ಹೆಸರು ಉದ್ದ ಅದರಿ ಅಕ್ಕಾರ. ಅಕ್ಷರ ದೊಡ್ಡದು ಮಾಡಿದ್ರ ಬಗಲಿಗೆ ಹೋಗ್ತದ."

"ಹಂಗಾದ್ರ ಉಮಾನ ಹೆಸರು ಸಣ್ಣದು ಮಾಡ್ರಿ."

ಉಮಾನ ತಾಯಿ ಮಾರಿ ಕೆಂಪಾತು. ಅಷ್ಟರಾಗ ಉಮಾನೇ ಬಾಯಿ ತೆಗೆದಳು: "ಅವರು ಸಣ್ಣಗ ಇರ್ಲಿ ಬಿಡ್ರಿ ಅತ್ತಿ. ಬೆನ್ನ ಮ್ಯಾಲ ಹೊರೋಕಿ ನಾನಲ್ಲೇನು?"

ಮೊದಲು ನಕ್ಕವರು ಅತ್ತಿನೇ. ನಾ ಲಗೂನ ಮಷಿನ್ ಚಾಲೂ ಮಾಡಿದೆ. ಬೀಗರ ನಗು ನಿಲ್ಲೂದರೊಳಗ ಹೊಲಿಗಿ ಮುಗಿಸಬೇಕಲ್ಲ!