ಆಯುಧಪೂಜೆಯ ಮ್ಯಾಗಜಿನ್

ಕಂಪ್ಲಿಯ ಅಕ್ಕಿ ಗಿರಣಿಯ ಮರಿಬಸಪ್ಪನವರು ಎರಡನ್ನು ಹೋಲಿಸದೆ ಒಂದನ್ನು ಒಪ್ಪುವವರೇ ಅಲ್ಲ. ಪಿಸ್ತೂಲು ಸ್ಪರ್ಧೆಯ ಹುಚ್ಚು ಹಿಡಿದಾಗ, ಗುಂಡು ತುಂಬುವ ಮ್ಯಾಗಜಿನ್ನನ್ನೂ ಎರಡು ಕಂಪನಿಯದು ತರಿಸಿದರು. ಒಂದು ಜರ್ಮನಿಯದು, ಇನ್ನೊಂದು ಇಟಲಿಯದು. ವರ್ಷವಿಡೀ ಮನೆಯಲ್ಲಿ ಜರ್ಮನಿಯದರದೇ ಗುಣಗಾನ.

ಆಯುಧಪೂಜೆ ಮುಗಿದ ವಾರವೇ ಬಳ್ಳಾರಿಯ ಸ್ಪರ್ಧೆಯಲ್ಲಿ ಅದರ ಗುಂಡುಗಳು ಮತ್ತೆ ಮತ್ತೆ ಸಿಕ್ಕಿಹಾಕಿಕೊಂಡವು. "ಬರೇ ಹೆಸರು ದೊಡ್ಡದು!" ಎಂದು ಬೈಯುತ್ತ ಮನೆಗೆ ಬಂದು ಅದನ್ನು ಮೇಜಿಗೆ ಕುಕ್ಕಿದರು. ಒಳಗಿಂದ ಕುಂಕುಮ ಉದುರಿತು, ಜೊತೆಗೆ ಅಕ್ಷತೆ ಕಾಳು.

"ಪೂಜಿ ಮಾಡಿದಾಗ ನಾನ ಹಾಕೀನ್ರಿ," ಎಂದರು ಹೆಂಡತಿ ಸಂಗಮ್ಮ. "ಅದು ಭಾಳ ಚಲೋ ಐತಿ ಅಂತಿದ್ರಲ್ರಿ, ಅದಕ್ಕ ಜಾಸ್ತಿ ಹಾಕಿದೆ."

ಮುಂದಿನ ವರ್ಷ ದಸರೆ ಹತ್ತಿರವಾದಂತೆ, ಮರಿಬಸಪ್ಪನವರು ಹೆಂಡತಿಯ ಕಿವಿಗೆ ಬೀಳುವಂತೆ ಇಟಲಿಯದನ್ನು ಹೊಗಳತೊಡಗಿದರು.