ಶಿವಗಂಗಮ್ಮನ ಹಾವಿನ ವಾರ್ಡು

ಬೆಳಗಿನ ಐದೂವರೆ. ಅಮೆರಿಕದ ವುಡ್‌ಬ್ರಿಡ್ಜಿನ ಒಂದು ಪ್ರಾಣಿ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಶಿವಗಂಗಮ್ಮ ಇಲಿ ಬಿಸಿ ಮಾಡುತ್ತಿದ್ದಾರೆ. ಹೌದು, ಇಲಿಯೇ! ಫ್ರೀಜರಿನಿಂದ ತೆಗೆದ ಒಂಬತ್ತು ಬಿಳಿ ಇಲಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಿನೀರಿನ ಬೋಗುಣಿಯಲ್ಲಿ ಅದ್ದಿಟ್ಟಿದ್ದಾರೆ, ಆಗಾಗ ಹಿಚುಕಿ ನೋಡುತ್ತಾರೆ. ಒಳಗೆ ಹಿಮ ಉಳಿದರೆ ಹಾವಿನ ಹೊಟ್ಟೆ ಕೆಡುತ್ತದೆ, ಹೊರಗೆ ಬೆಚ್ಚಗಿಲ್ಲದಿದ್ದರೆ ಅದು ಕಣ್ಣೆತ್ತಿಯೂ ನೋಡುವುದಿಲ್ಲ.

“ಮನ್ಯಾಗ ಒಂದು ತತ್ತಿ ಸುದ್ದಾ ಒಡದಾಕಿ ಅಲ್ರೀ ನಾ,” ಎಂದು ನಗುತ್ತಾರೆ. “ಕೊರಳಾಗ ಲಿಂಗ, ಕೈಯಾಗ ಇಲಿ! ನಮ್ಮವ್ವ ಇದ್ದಿದ್ರ ಹೊಸ್ತಲಾ ದಾಟಿಸ್ತಿದ್ದಿಲ್ಲ.”

ಇಂದು ವಾರ್ಡಿನಲ್ಲಿ ಮೂವತ್ತೊಂದು ಸಾಕುಹಾವುಗಳಿವೆ. ಕೆಲವು ಕಾಯಿಲೆಯವು, ಉಳಿದವು ಯಜಮಾನರು ಪ್ರವಾಸ ಹೋದಾಗ ಬಿಟ್ಟುಹೋದವು. ಮೂವತ್ತೊಂದು ನೀರಿನ ಬಟ್ಟಲು ತೊಳೆಯಬೇಕು. ಪ್ರತಿ ಗಾಜಿನ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪಾಗಿರಬೇಕು, ಎರಡು ಕಡೆಯೂ ಥರ್ಮಾಮೀಟರ್ ನೋಡಬೇಕು. ಹಾವಿಗೆ ರೆಪ್ಪೆಯಿಲ್ಲ, ಪೊರೆ ಬಿಡುವಾಗ ಕಣ್ಣಿನ ಮೇಲಿನ ಪದರವೂ ಕಳಚಬೇಕು. ಅದು ಅಂಟಿಕೊಂಡರೆ ಎಳೆಯುವಂತಿಲ್ಲ. ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಅದಾಗಿಯೇ ಬಿಡುವವರೆಗೆ ಕಾಯಬೇಕು. ಕಾಯುವುದರಲ್ಲಿ ಈಕೆಯನ್ನು ಮೀರಿಸುವವರು ಆಸ್ಪತ್ರೆಯಲ್ಲೇ ಇಲ್ಲ.

ಗದಗದ ಹೆಣ್ಣುಮಗಳು, ವಯಸ್ಸು ಐವತ್ತೆಂಟು. ಗಂಡನ ಕೆಲಸದ ಬೆನ್ನಿಗೆ ಬಂದು, ದುಡಿಯಲು ಅನುಮತಿ ಕೊಡುವ ಗ್ರೀನ್ ಕಾರ್ಡ್ ಸಿಗುವವರೆಗೆ ಏಳು ವರ್ಷ ನಾಲ್ಕು ಗೋಡೆ ನೋಡಿಕೊಂಡು ಕೂತವರು. ಕೊನೆಗೆ ಸಿಕ್ಕಿದ್ದು ಇಲ್ಲಿ ಪೆಟ್ಟಿಗೆ ತೊಳೆಯುವ ಕೆಲಸ. ಈಗ ಹನ್ನೆರಡು ವರ್ಷ. ಮುಂಗೈ ತುಂಬ ಕಚ್ಚಿಸಿಕೊಂಡ ಗುರುತುಗಳು. ಪಕ್ಕದೂರು ಐಸೆಲಿನ್‌ನ ಕಿರಾಣಿ ಅಂಗಡಿಯಲ್ಲಿ ಸಿಗುವ ನಮ್ಮವರು ಇಂದಿಗೂ ಮಾರು ದೂರ ನಿಂತೇ ಮಾತಾಡಿಸುತ್ತಾರೆ. ಏನು ಹೇಳೋಣ!

ಶ್ರಾವಣ ಬಂತೆಂದರೆ ಮಾತ್ರ ಈ ಜೀವ ಗದಗಕ್ಕೆ ಓಡುತ್ತದೆ. ಪಂಚಮಿಯೆಂದರೆ ಬೇವಿನ ಟೊಂಗೆಗೆ ಕಟ್ಟಿದ ಜೋಕಾಲಿ, ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಬಿಸಿ ಬಿಸಿ ಜೋಳದ ಅಳ್ಳು, ತವರಿಗೆ ಬಂದ ಅಕ್ಕಂದಿರ ನಗು. “ಜೋಕಾಲಿ ಮ್ಯಾಲಿಂದ ಬಿದ್ದು ಮೊಣಕಾಲು ಒಡಕೊಂಡ್ರೂ ಅಳ್ತಿದ್ದಿಲ್ಲ. ಅತ್ರ ಪಾಳಿ ಹೋಗಿಬಿಡ್ತೈತಲ್ಲ!” ಇಲ್ಲಿ ಅದೇ ತಿಂಗಳು ಬೇಸಿಗೆ ರಜೆ, ವಾರ್ಡು ತುಂಬುವ ಕಾಲ. ಹನ್ನೆರಡು ವರ್ಷದಲ್ಲಿ ಒಂದು ಪಂಚಮಿಗೂ ಊರಿಗೆ ಹೋಗಲಾಗಿಲ್ಲ. ಆ ಮಾತು ಬಂದಾಗ ಸೆರಗಿನಂತೆ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಐಸೆಲಿನ್‌ನ ಪ್ರಭಾ ಇಲ್ಲಿಗೆ ಓಡಿಬಂದದ್ದೂ ಈ ಸಲದ ಪಂಚಮಿಯ ಮರುವಾರವೇ. ಮಗಳು ಧೃತಿ ಕಳೆದ ವರ್ಷ ಕಾಲೇಜಿಗೆ ಹೋಗುವಾಗ, ಚಿಕ್ಕಂದಿನಿಂದ ಸಾಕಿದ ಕಾರ್ನ್ ಸ್ನೇಕನ್ನು ಅಮ್ಮನ ಸುಪರ್ದಿಗೆ ಕೊಟ್ಟುಹೋಗಿದ್ದಳು. ಕಿತ್ತಳೆ ಬಣ್ಣದ, ವಿಷವಿಲ್ಲದ ಹಾವು. ಮನೆಯಲ್ಲೇ ನಾಗಪ್ಪನಿರುವಾಗ ಹಬ್ಬದ ದಿನ ಹಾಲೆರೆಯದೆ ಇರುವುದುಂಟೇ? ಪ್ರಭಾ ಭಕ್ತಿಯಿಂದ ತಲೆಯ ಮೇಲೆಯೇ ಎರೆದರು. ಬೆದರಿದ ಹಾವು ಉಸಿರಿನೊಂದಿಗೆ ಹಾಲನ್ನೂ ಒಳಗೆಳೆದುಕೊಂಡಿತು. ನಾಲ್ಕೇ ದಿನಕ್ಕೆ ಕತ್ತು ಮೇಲೆತ್ತಿ, ಬಾಯಿ ತೆರೆದು, ಗೊರಗೊರ ಸದ್ದು ಮಾಡುತ್ತ ಉಸಿರಿಗೆ ಒದ್ದಾಡತೊಡಗಿತು. ಈ ಜಾತಿಯ ಹಾವಿನಲ್ಲಿ ಕೆಲಸ ಮಾಡುವುದು ಬಲಗಡೆಯ ಒಂದೇ ಶ್ವಾಸಕೋಶ. ಅದು ಸೋತರೆ ಮುಗಿಯಿತು.

ವೈದ್ಯರು ಔಷಧಿ ಬರೆದರು, ಬದುಕಿಸುವ ಪಾಡು ಶಿವಗಂಗಮ್ಮನದಾಯಿತು. ನಾಲ್ಕು ವಾರ, ಮೂರು ದಿನಕ್ಕೊಂದು ಇಂಜೆಕ್ಷನ್. ಪೆಟ್ಟಿಗೆಯ ಬಿಸಿ ಒಂದು ಡಿಗ್ರಿಯೂ ಇಳಿಯದಂತೆ ಕಾವಲು. ಮೊನ್ನೆ ಅದು ಪುಟ್ಟ ಇಲಿಯೊಂದನ್ನು ನುಂಗಿ ಅರಗಿಸಿಕೊಂಡಿತು. ಇಂದು ಬಿಡುಗಡೆ.

ಏಳು ಗಂಟೆಗೆ ಪ್ರಭಾ ಬರುತ್ತಾರೆ. ಶಿವಗಂಗಮ್ಮ ಹಾವನ್ನು ಎತ್ತಿ ಅವರ ಕಿವಿಯ ಹತ್ತಿರ ಹಿಡಿಯುತ್ತಾರೆ. “ಏನರ ಸಪ್ಪಳ ಕೇಳಸ್ತೈತೇನ್ರಿ? ಇಲ್ಲಲಾ? ಅಂದ್ರ ಎದಿ ಸ್ವಚ್ಛ ಆಗೈತಿ.”

ಪ್ರಭಾ ಅಳತೊಡಗುತ್ತಾರೆ. “ಧೃತಿಗೆ ಇನ್ನೂ ಹೇಳೇ ಇಲ್ಲ ಆಂಟಿ. ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬರ್ತಾಳೆ. ಗೊತ್ತಾದ್ರೆ, ಶೀ ವಿಲ್ ನೆವರ್ ಟ್ರಸ್ಟ್ ಮಿ ಅಗೇನ್. ಹೇಳದೇ ಇದ್ದುಬಿಡ್ಲಾ?”

ಶಿವಗಂಗಮ್ಮ ಅವರನ್ನು ಸ್ಟೂಲಿನ ಮೇಲೆ ಕೂರಿಸುತ್ತಾರೆ.

“ಈ ದವಾಖಾನ್ಯಾಗ ನಂದು ಮೊದಲನೇ ಪಂಚಮಿ, ತಂಗಿ. ಮುಂಜಾನೆ ಯಾರೂ ಬಂದಿದ್ದಿಲ್ಲ. ಹೋಬೋಕನ್ ಊರಾಗ ನದಿ ದಾಟಿಸೋ ಫೆರಿ ದೋಣಿ ಮ್ಯಾಲೆ ಕೆಲಸ ಮಾಡೋ ಟೋನಿ ಅನ್ನಾಂವನ ಹೆಬ್ಬಾವು ಇತ್ತು. ಊರು ಭಾಳ ನೆನಪಾತು. ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಅಂತ, ಹುತ್ತಕ್ಕ ಎರದಂಗ ಒಬ್ಬೊಬ್ಬರ ಹೆಸರಲೇ ಅದರ ತಲಿ ಮ್ಯಾಲೆ ಹಾಲು ಎರದೆ. ಹತ್ತು ದಿನಕ್ಕ ಸತ್ತುಹೋತು.”

ಪ್ರಭಾರ ಅಳು ನಿಲ್ಲುತ್ತದೆ.

“ಡಾಕ್ಟರು ‘ಟೋನಿಗೆ ನಾನ ಹೇಳ್ತೀನಿ’ ಅಂದ್ರು. ನಾ ಬ್ಯಾಡ ಅಂದೆ. ಅಂವನ ಮುಂದ ನಿಂತು, ನನ್ನ ಕೈಲೇ ಆಗೈತಿ ಅಂತ ಹೇಳಿದೆ. ಅಂವ ಅತ್ತ. ಒಂದು ಮಾತೂ ಬೈಲಿಲ್ಲ, ಎದ್ದು ಹ್ವಾದ.”

“ಆಮೇಲೆ?”

“ಮುಂದಿನ ಚಳಿಗಾಲದಾಗ ಹೊಸಾ ಹೆಬ್ಬಾವಿನ ಮರಿ ತಗೊಂಡು ಬಂದ. ಡಾಕ್ಟರು ಕೈ ಚಾಚಿದ್ರ ಕೊಡಲಿಲ್ಲ. ‘ಶಿವಾ ಬರ್ಲಿ’ ಅಂತ ನನ್ನ ಹಾದಿ ಕಾಯ್ಕೋತ, ಮರೀನ್ನ ಅಂಗಿ ಒಳಗ ಬೆಚ್ಚಗ ಇಟ್ಕೊಂಡು ಒಂದು ತಾಸು ಕೂತಿದ್ದ.”